ರತ್ನಳಿಗೆ ದಾಟಿಸದ ಮಾತು

ರತ್ನ, ಸಿಸ್ಟರ್ ಪಿಲಾರ್ ನಿನ್ನನ್ನು ಮರೆತಿರಲಿಲ್ಲ. ಮರೆತಿದ್ದಾರೆ ಎಂದು ನಿನಗೆ ಹೇಳಿದವಳು ನಾನು, ಮತ್ತು ಅದು ಸುಳ್ಳು. ಅವತ್ತು ಅವರು ಸ್ಪ್ಯಾನಿಷಿನಲ್ಲಿ ಆಡಿದ ಎರಡು ಮಾತೂ ನನಗೆ ಸ್ಪಷ್ಟವಾಗಿ ಅರ್ಥವಾಗಿದ್ದವು. ಅವಸರದಲ್ಲಿ ತಪ್ಪಾಯಿತು, ಬಾಯಿ ತಪ್ಪಿ ಬಂತು — ಇಂಥ ಯಾವ ನೆವವೂ ನನ್ನ ಹತ್ತಿರ ಇಲ್ಲ. ನಿನ್ನ ಮುಖ ನೋಡಿಕೊಂಡೇ ಹೇಳಿದೆ.

ಕ್ಷಮಿಸು ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಹನ್ನೊಂದನೇ ವಯಸ್ಸಿನಿಂದ ಹೊಟ್ಟೆಯಲ್ಲಿಟ್ಟುಕೊಂಡು ಬಂದ ಕಿಚ್ಚು ಒಂದು ಕಾಗದ ಬರೆದರೆ ಆರುತ್ತದೆಯೇ? ಆದರೆ ನಿನಗೆ ಸೇರಬೇಕಾದ ಎರಡು ಮಾತು ಹೋದ ವರ್ಷದಿಂದ ನನ್ನ ಹತ್ತಿರ ಉಳಿದುಕೊಂಡಿವೆ. ಇಟ್ಟುಕೊಳ್ಳಲೂ ಆಗುತ್ತಿಲ್ಲ, ನುಂಗಲೂ ಆಗುತ್ತಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ನನ್ನ ಕಡೆಯಿಂದ ಅದು ಹೇಗೆ ಕಂಡಿತ್ತು ಎನ್ನುವುದು ನಿನಗೆ ಗೊತ್ತಿಲ್ಲ.

ಕನಕಪುರದಿಂದ ಒಳಗೆ, ದಿನಕ್ಕೆ ನಾಲ್ಕೇ ಬಸ್ಸು ಬರುವ ಆ ಊರಿನ ಕಾನ್ವೆಂಟ್ ಹಾಸ್ಟೆಲಿಗೆ ನಾವಿಬ್ಬರೂ ಒಂದೇ ಜೂನ್ ತಿಂಗಳಲ್ಲಿ ಸೇರಿದೆವು. ನನ್ನನ್ನು ಅಪ್ಪ ತಂದು ಬಿಟ್ಟ. ನಿನ್ನನ್ನು ಬಿಡಲು ಯಾರೂ ಬರಲಿಲ್ಲ. ಬಸ್ಸಿನ ಕಂಡಕ್ಟರೇ ನಿನ್ನ ಕೈಹಿಡಿದು, ತಗಡಿನ ಟ್ರಂಕಿನ ಜೊತೆ ಗೇಟಿನ ಮುಂದೆ ಇಳಿಸಿ ಹೋದ. ಸಿಸ್ಟರ್ ಪಿಲಾರ್ ಓಡಿಬಂದು ನಿನ್ನನ್ನು ಎತ್ತಿಕೊಂಡರು. ನನಗಿಂತ ದೊಡ್ಡವಳನ್ನು, ಹನ್ನೆರಡು ವರ್ಷದ ಹುಡುಗಿಯನ್ನು ಯಾರಾದರೂ ಎತ್ತಿಕೊಳ್ಳುತ್ತಾರಾ? ನಾನು ಅಪ್ಪನ ಪಂಚೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ. ನನ್ನ ಕಿಚ್ಚು ಹೊತ್ತಿಕೊಂಡದ್ದು ಆ ಗೇಟಿನಲ್ಲೇ.

ಸಿಸ್ಟರ್ ಸ್ಪೇನ್ ದೇಶದವರು ಎಂದು ಹೇಳಿದರೆ ಹೊಸಬರು ನಂಬುತ್ತಿರಲಿಲ್ಲ. ಬಣ್ಣ ಒಂದು ಬಿಟ್ಟರೆ ಅವರು ನಮ್ಮೂರಿನವರೇ. ಊರವರ ಬಾಯಲ್ಲಿ ಪಿಲಾರ್ ಎಂಬುದು ಪಿಲ್ಲಾರಮ್ಮ ಆಗಿತ್ತು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತು, "ಏನಮ್ಮಿ ಭಾಗ್ಯ, ಸೊಪ್ಪು ಕುಯ್ಯಕ್ಕೋದವ್ಳು ಅಲ್ಲೇ ಮನೆ ಕಟ್ಕಂಡ್ಬುಟ್ಟಾ?" ಎಂದು ಅವರು ಕೂಗಿದರೆ ಆಚೆ ಹೊಲದ ಗಂಡಸರು ನಗುತ್ತಿದ್ದರು. ಹಾಸ್ಟೆಲಿನ ಹುಡುಗಿಯರೆಲ್ಲ ಸೇರಿ ರೇಷ್ಮೆ ಹುಳ ಮೇಯಿಸಬೇಕು, ಗೂಡು ರಾಮನಗರದ ಮಾರುಕಟ್ಟೆಗೆ ಹೋಗಬೇಕು, ಅದರಿಂದ ನಮ್ಮ ವರ್ಷದ ರಾಗಿ ಬರಬೇಕು — ಇದು ಅವರು ಮಾಡಿದ ಏರ್ಪಾಡು. ಬೈಗುಳವೆಲ್ಲ ನನ್ನ ಪಾಲಿಗೆ. ಮಾರುಕಟ್ಟೆಗೆ ಮಾತ್ರ ನೀನು.

ನಿನ್ನ ಕೈಗುಣ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ನೀನು ಸೊಪ್ಪು ಹಾಕಿದ ತಟ್ಟೆಯ ಹುಳ ಕೊಬ್ಬುತ್ತಿದ್ದವು. ನಾನು ಹಾಕಿದ ತಟ್ಟೆಯವು ಬರೀ ಬದುಕಿರುತ್ತಿದ್ದವು. ಗೂಡಿನ ಚೀಲ ಬಸ್ಸಿನ ಮೇಲೆ ಹಾಕಿಸಿಕೊಂಡು ನೀವಿಬ್ಬರೂ ರಾಮನಗರಕ್ಕೆ ಹೋಗಿ, ಸಂಜೆ ನಗುತ್ತಾ ಬಂದು ಹರಾಜಿನ ಕಥೆ ಹೇಳುತ್ತಿದ್ದಿರಿ. ನಾನು ಕೇಳಿಸದವಳ ಹಾಗೆ ಅಕ್ಕಿ ಆರಿಸುತ್ತಿದ್ದೆ. ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.

ಇನ್ನು ಆ ಸಂಜೆ. ಎಸ್ಸೆಸ್ಸೆಲ್ಸಿ ಮುಗಿಸಿ, ಊರಿಗೂ ಹೋಗದೆ ನಾವಿಬ್ಬರೂ ಹುಳದ ಕೆಲಸಕ್ಕೆಂದು ಉಳಿದಿದ್ದ ವರ್ಷ. ಹುಳಕ್ಕೆ ನಾಲ್ಕನೇ ಜ್ವರ ಮುಗಿದಿತ್ತು — ಹುಳ ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ವರ್ಷ ಸಿಸ್ಟರಿಗೂ ನಿಜವಾದ ಜ್ವರ ಬಂದಿತ್ತು. ಆದರೂ ಅವರು ಕೋಣೆಗೆ ಹೋಗದೆ, ಪ್ರತಿ ಬೆಳೆಯಲ್ಲಿ ಮಾಡುವ ಹಾಗೆ, ಹುಳದ ಮನೆಯ ಹಜಾರದಲ್ಲೇ ಮಂಚ ಹಾಕಿಸಿಕೊಂಡು ಮಲಗಿದ್ದರು. ಕೈ ಎತ್ತಿ ಸೊಳ್ಳೆ ಓಡಿಸುವಷ್ಟು ಶಕ್ತಿಯೂ ಇರಲಿಲ್ಲ. ನೀನು ಒಂದು ಸೊಳ್ಳೆ ಬತ್ತಿ ತಂದು ಅವರ ಮಂಚದ ಕೆಳಗೆ ಇಟ್ಟೆ.

ಹುಳದ ಮನೆಯ ಹತ್ತಿರ ಬೀಡಿ ಹೊಗೆಯೂ ಕೂಡದು, ಊದಿನಕಡ್ಡಿಯೂ ಕೂಡದು ಎನ್ನುವುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಸೊಳ್ಳೆ ಬತ್ತಿಯಂತೂ ಹುಳಕ್ಕೆ ವಿಷ. ನಿನಗೂ ಗೊತ್ತಿತ್ತು. ನಾನು ನೀರಿನ ಬಿಂದಿಗೆ ಹೊತ್ತು ಬರುತ್ತಿದ್ದೆ, ನನ್ನನ್ನು ಕಂಡು ನೀನು ಪಿಸುಗುಟ್ಟಿದೆ: "ಪಿಲ್ಲಾರಮ್ಮಂಗೆ ಮೈಯೆಲ್ಲ ದದ್ದೆದ್ಬುಟ್ಟೈತೆ ಕಣಮ್ಮಿ. ನೋಡಕ್ಕಾಗಕಿಲ್ಲ. ಬಾಗ್ಲು ಹಾಕಿವ್ನಿ, ಒಸಿ ಹೊತ್ತು ಹಚ್ಚಿ ಆರಿಸ್ಬುಡ್ತೀನಿ."

ನೀನು ಬಾಗಿಲು ಹಾಕಿದ್ದೆ, ನಿಜ. ಆದರೆ ಮಂಚದ ತಲೆಯ ಕಡೆ, ಹಜಾರಕ್ಕೂ ಹುಳದ ಕೋಣೆಗೂ ನಡುವಿನ ಗೋಡೆಯ ಮೇಲ್ಭಾಗದ ಗವಾಕ್ಷಿ ತೆರೆದೇ ಇತ್ತು. ಮಧ್ಯಾಹ್ನ ಸೆಖೆ ಎಂದು ಅದರ ತಗಡನ್ನು ಸರಿಸಿದ್ದವಳು ನಾನೇ. ನೀನು ಅದನ್ನು ನೋಡಲಿಲ್ಲ, ನಾನು ನೋಡಿದೆ. ಹೇಳಬಹುದಿತ್ತು, ಸ್ಟೂಲು ಹತ್ತಿ ಮುಚ್ಚಲೂಬಹುದಿತ್ತು. ಒಂದು ತಗಡು, ಒಂದು ಕೈ — ಅಷ್ಟೇ. "ಏನಾದ್ರೂ ಮಾಡ್ಕೋ, ನಂಗೇನು" ಎಂದು ಬಿಂದಿಗೆ ಹೊತ್ತು ಹೋದೆ. ಇದನ್ನು ನಾನು ಈವರೆಗೆ ಪಾದ್ರಿಗಳಿಗಾಗಲಿ, ಕಟ್ಟಿಕೊಂಡ ಗಂಡನಿಗಾಗಲಿ ಹೇಳಿಲ್ಲ. ಆಮೇಲೆ ಮಕ್ಕಳಿಗೆ ಊಟ ಬಡಿಸಲು ನಿನ್ನನ್ನು ಕರೆದರು. ನಿನಗೆ ಬತ್ತಿಯ ನೆನಪೇ ಆಗಲಿಲ್ಲ. ನನಗೆ ನೆನಪಿತ್ತು. ಬಡಿಸಿದ್ದನ್ನೆಲ್ಲ ಉಂಡೆ, ಕೈ ತೊಳೆದೆ.

ಬೆಳಗ್ಗೆ ತಟ್ಟೆಗಳಲ್ಲಿ ಹುಳ ತಲೆ ಮೇಲೆತ್ತಿಕೊಂಡು ಒದ್ದಾಡುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗಳನ್ನು ನಾವೇ ತೊಳೆದು ಬಿಸಿಲಿಗಿಟ್ಟಿದ್ದೆವು. ಅವು ಗೋಡೆಗೆ ಒರಗಿಕೊಂಡು ಹಾಗೇ ಉಳಿದವು. ಬುಟ್ಟಿಗಟ್ಟಲೆ ಸತ್ತ ಹುಳವನ್ನು ತಿಪ್ಪೆಗೆ ಸುರಿದು ಬಂದ ಮೇಲೆ ಸಿಸ್ಟರ್ ಎಲ್ಲರನ್ನೂ ಹಜಾರದಲ್ಲಿ ನಿಲ್ಲಿಸಿದರು. ನಿಲ್ಲಲಾಗದೆ ಅವರೇ ಗೋಡೆ ಹಿಡಿದುಕೊಂಡಿದ್ದರು.

"ಯಾರಮ್ಮಿ ಹೊಗೆ ಆಕ್ದೋರು?"

"ನಾನೇ," ಎಂದೆ ನೀನು.

"ಯಾಕೆ?"

ನೀನು ಬಾಯಿ ಬಿಡಲಿಲ್ಲ. ನಿಮಗೋಸ್ಕರ ಎಂದರೆ ತಪ್ಪು ಅವರ ತಲೆಯ ಮೇಲೆ ಬೀಳುತ್ತದೆಂದು — ಅಥವಾ ನಿನ್ನ ಹಾಳು ಜಂಬಕ್ಕೋ — ಯಾಕೋ, ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಕಾರಣ ತಿಳಿದಿದ್ದ ಇನ್ನೊಬ್ಬಳು ಆ ಸಾಲಿನಲ್ಲಿ ನಿಂತಿದ್ದಳು, ಅವಳೂ ಬಾಯಿ ಬಿಡಲಿಲ್ಲ. ಆಗ ಅವರು ಆ ಮಾತು ಆಡಿದರು. ನೀನು ಮರೆತಿರಲಾರೆ. "ಇವತ್ತಿಂದ ನೀನ್ಯಾರು ಅಂತ ನಂಗೆ ನೆಪ್ಪಿಲ್ಲ. ಓಗು."

ಮಧ್ಯಾಹ್ನದ ಬಸ್ಸಿಗೆ ನೀನು ಹೊರಟುಹೋದೆ. ಟ್ರಂಕನ್ನೂ ತೆಗೆದುಕೊಳ್ಳಲಿಲ್ಲ. ಮಾಗಡಿಯಲ್ಲಿ ದೂರದ ಯಾರೋ ಅತ್ತೆಯ ಮನೆ ಸೇರಿದಳಂತೆ, ಅಲ್ಲೇ ಮದುವೆಯಾಯಿತಂತೆ ಎಂದು ಎಷ್ಟೋ ವರ್ಷದ ಮೇಲೆ ಕೇಳಿದೆ. ನೀನು ಹೋದರೆ ನಿನ್ನ ಜಾಗ ನನಗೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಮುಂದಿನ ಬೆಳೆಗೆ ನನ್ನನ್ನು ರಾಮನಗರಕ್ಕೆ ಕರೆದುಕೊಂಡು ಹೋದರು. ಹೋಗುವಾಗಲೂ ಬರುವಾಗಲೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಹಾಸ್ಟೆಲಿನ ಮೂಲೆಯಲ್ಲಿದ್ದ ನಿನ್ನ ಟ್ರಂಕನ್ನು ಯಾರಾದರೂ ಸರಿಸಿದರೆ ಮಾತ್ರ ಬೈಯುತ್ತಿದ್ದರು. ಅದರ ಮೇಲಿನ ಧೂಳು ಒರೆಸುವ ಕೆಲಸ — ಯಾರದು ಅಂದುಕೊಂಡೆ? ನನ್ನದೇ.

ನನ್ನ ಮದುವೆ ಅದೇ ಊರಿನಲ್ಲಾಯಿತು. ಗಂಡನಿಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮಗಳು ಶಾಲೆಗೆ ಹೋಗುವಂತಾದ ಮೇಲೆ ನಾನು ಕಾನ್ವೆಂಟಿಗೇ ಆಯಾ ಆಗಿ ಮರಳಿದೆ. ಕೊನೆಯ ಎಂಟು ವರ್ಷ ನನ್ನ ಕೆಲಸ ಒಂದೇ: ಸಿಸ್ಟರ್ ಪಿಲಾರ್. ಎಬ್ಬಿಸುವುದು, ತೊಳೆಯುವುದು, ತಿನ್ನಿಸುವುದು, ಮಲಗಿಸುವುದು. ಮುಪ್ಪಿನ ಮರೆವು ಮೊದಲು ಅವರ ಇಂಗ್ಲಿಷನ್ನು ತಿಂದಿತು, ಆಮೇಲೆ ಕನ್ನಡವನ್ನು. ಕೊನೆಗೆ ಅವರ ಬಾಯಲ್ಲಿ ಉಳಿದದ್ದು ಅವರಮ್ಮ ಕಲಿಸಿದ ಮಾತು ಮಾತ್ರ. ಹೀಗಾಗುವುದುಂಟು ಎಂದರು ಡಾಕ್ಟರು.

ಸ್ಪ್ಯಾನಿಷ್ ಬಲ್ಲವರು ಇಡೀ ಕಾನ್ವೆಂಟಿನಲ್ಲಿ ಒಬ್ಬರೇ, ಮಂಗಳೂರು ಕಡೆಯ ಸಿಸ್ಟರ್ ಲೀನಾ. ಎರಡು ವರ್ಷ ಸ್ಪೇನಿನಲ್ಲಿದ್ದು ಬಂದವರು. ಅವರು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ನನಗೆ ಬೇಕಾದ ಮಾತು ಬರೆದುಕೊಟ್ಟರು: ಆಗ್ವಾ, ನೀರು. ಫ್ರಿಯೊ, ಚಳಿ. ದುಎಲೆ, ನೋಯುತ್ತದೆ. ಸಿ, ಹೌದು. ಹೊಗೆಗೆ ಏನೆನ್ನುತ್ತಾರೆಂದು ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಸೌದೆ ಒಲೆ ಹಚ್ಚಿದಾಗೆಲ್ಲ ಸಿಸ್ಟರ್ ಮೂಗು ಮುಚ್ಚಿಕೊಂಡು "ಊಮೊ, ಊಮೊ" ಎಂದು ರೇಗುತ್ತಿದ್ದರು. ಮಗಳು ತನ್ನ ಮೊಬೈಲಿಗೆ ಒಂದು ಆಪ್ ಹಾಕಿಕೊಟ್ಟಳು. 'ಹುಡುಗ ಸೇಬು ತಿನ್ನುತ್ತಾನೆ' ಎಂದು ಅದು ನೂರು ಸಲ ಹೇಳಿಸಿತು. ನಮ್ಮ ಸಿಸ್ಟರಿಗೆ ಸೇಬು ಬೇಕಿರಲಿಲ್ಲ, ಬೆಡ್‌ಪ್ಯಾನ್ ಬೇಕಿತ್ತು.

ಇಷ್ಟು ಕಲಿತರೆ ಕೆಲಸಕ್ಕೆ ಸಾಕಾಗಿತ್ತು. ಆದರೆ ನನಗೆ ಇನ್ನೊಂದು ಮಾತು ಬೇಕಾಗಿತ್ತು. ಒಂದು ದಿನ ಸಿಸ್ಟರ್ ಲೀನಾರನ್ನು ಕೇಳಿದೆ: "ನನ್ನ ನೆಪ್ಪೈತಾ ಅಂತ ಕೇಳೋದೆಂಗೆ ಸಿಸ್ಟರ್?" "ರೋಗಿಗಳಿಗೆ ಅದನ್ನೆಲ್ಲ ಕೇಳಬಾರದು ಭಾಗ್ಯ, ಪಾಪ, ಕಷ್ಟವಾಗ್ತದೆ ಅವರಿಗೆ," ಎಂದರು. ಆದರೂ ಬರೆದುಕೊಟ್ಟರು. ಸೆ ಅಕ್ವೆರ್ದಾ ದೆ ಮಿ? ನನ್ನ ನೆನಪಿದೆಯೇ? ನೆನಪಿದೆ ಎಂದರೆ, ಮೆ ಅಕ್ವೆರ್ದೊ. ಇಲ್ಲ ಎಂದರೆ ಮುಂದೆ ಒಂದು 'ನೋ'.

ಮೂರು ತಿಂಗಳು ಒದ್ದಾಡಿದೆ ಆ ಮಾತಿನ ಜೊತೆ. ಮುದ್ದೆಗೆ ಹಿಟ್ಟು ತೊಳಸುತ್ತಾ ಹೇಳಿಕೊಂಡೆ, ಸೀಗೆಕಾಯಿ ಕುಟ್ಟುತ್ತಾ ಹೇಳಿಕೊಂಡೆ. 'ಅಕ್ವೆ' ಎಂಬಲ್ಲಿಗೆ ಬಂದರೆ ನಾಲಗೆ ಮುಗ್ಗರಿಸುತ್ತಿತ್ತು. ಸಿಸ್ಟರ್ ಲೀನಾ ಒಂದು ಮಾತು ಹೇಳಿದ್ದರು: ನಮ್ಮ ಭಾಷೆಯಲ್ಲಿ ನೆನಪು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ, ಅವರಲ್ಲಿ ಹಾಗಲ್ಲ, ನೆನೆಯುವವಳೇ ನೆನೆಯಬೇಕು. ಅದನ್ನು ಕೇಳಿ ನನಗೆ ಸಿಟ್ಟೇ ಬಂತು. ಹಾಗಾದರೆ ದಿನಾ ಬೆಳಗ್ಗೆ ಅವರ ಹೇಲು ಬಾಚುವ ನನ್ನನ್ನು ಅವರು ನೆನೆಯಲೇಬೇಕಲ್ಲ — ಎಂದು.

ಕೇಳಿದೆ. ಬೆನ್ನು ಒರೆಸಿ, ಪೌಡರ್ ಹಾಕಿ, ಎದುರಿಗೆ ಕೂತು, ಕೈ ಹಿಡಿದು ಕೇಳಿದೆ. "ಸೆ ಅಕ್ವೆರ್ದಾ ದೆ ಮಿ?" ಅವರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಎಷ್ಟೋ ತಿಂಗಳಿನಿಂದ ಯಾರೂ ಅವರನ್ನು ಹಾಗೆ ಮಾತಾಡಿಸಿರಲಿಲ್ಲ. ನನ್ನ ಕೆನ್ನೆ ಸವರಿದರು. "ಸಿ, ಸಿ," ಎಂದರು, "ರತ್ನಾ."

ರತ್ನಾ.

ಒಂದು ಸಲವಲ್ಲ. ದಿನಕ್ಕೊಮ್ಮೆ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಸೀರೆ ಉಟ್ಟುಕೊಂಡು ಕೇಳಿದೆ. ಪ್ರತಿ ಸಲವೂ ಅದೇ ನಗು, ಅದೇ ಹೆಸರು. ಒಂದು ದಿನ ತಡೆಯಲಾಗದೆ ನಾನೇ ನನ್ನ ಹೆಸರು ಹಿಡಿದು ಕೇಳಿದೆ. ಭಾಗ್ಯ ನೆನಪಿದ್ದಾಳೆಯೇ — ಸೆ ಅಕ್ವೆರ್ದಾ ದೆ ಭಾಗ್ಯ? ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಮನೆಗೆ ಬಂದ ಅಪರಿಚಿತರಿಗೆ ಹೇಳುವಷ್ಟು ಮರ್ಯಾದೆಯಿಂದ ತಲೆಯಾಡಿಸಿದರು. "ನೋ. ನೋ ಮೆ ಅಕ್ವೆರ್ದೊ." ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಾದೆ ನನ್ನಂಥವರಿಗೇ ಮಾಡಿದ್ದು. ಅವತ್ತು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಅತ್ತೆ. ಅವರ ಮೇಲೆ ಸಿಟ್ಟು ಬರಲಿಲ್ಲ, ವಿಚಿತ್ರ. ಬಂದದ್ದೆಲ್ಲ ನಿನ್ನ ಮೇಲೆ.

ಇದಾಗಿ ಸ್ವಲ್ಪ ದಿನಕ್ಕೆ ಸಿಸ್ಟರ್ ಲೀನಾರಿಗೆ ವರ್ಗವಾಯಿತು. ಆಮೇಲೆ ಅಲ್ಲಿ ಆ ಭಾಷೆ ಬಲ್ಲವಳು ನಾನೊಬ್ಬಳೇ ಉಳಿದೆ. ಅಂಥ ಹೊತ್ತಿಗೇ ನೀನು ಬಂದೆ.

ಮಾಗಡಿಯಿಂದ ರಾಮನಗರಕ್ಕೆ, ಅಲ್ಲಿಂದ ಕನಕಪುರಕ್ಕೆ, ಅಲ್ಲಿಂದ ನಮ್ಮೂರಿಗೆ — ಮೂರು ಬಸ್ಸು ಬದಲಾಯಿಸಿ, ಬೆವರಿಕೊಂಡು, ಬಟ್ಟೆಯ ಚೀಲವೊಂದನ್ನು ಎದೆಗೊತ್ತಿಕೊಂಡು ಗೇಟಿನಲ್ಲಿ ನಿಂತಿದ್ದೆ. ಕೂದಲು ನರೆತಿತ್ತು, ಗುರುತು ಹತ್ತಿತು. "ಭಾಗ್ಯ ಅಲ್ವೇನಮ್ಮಿ?" ಎಂದು ತಬ್ಬಿಕೊಳ್ಳಲು ಬಂದೆ, ನನ್ನ ಕೈ ಒದ್ದೆ ಎಂದು ನಾನು ಹಿಂದೆ ಸರಿದೆ. ಕೈ ಒದ್ದೆಯಾಗಿರಲಿಲ್ಲ. ಪಿಲ್ಲಾರಮ್ಮ ಬಹಳ ದಿನ ಇರುವುದಿಲ್ಲ ಎಂದು ಮಾರುಕಟ್ಟೆಯಲ್ಲಿ ಯಾರೋ ಹೇಳಿದರಂತೆ. ಚೀಲದಲ್ಲಿ ನೀನೇ ಬೆಳೆದ ಹಳದಿ ಗೂಡು ಒಂದು ಬೊಗಸೆಯಷ್ಟಿತ್ತು.

ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ನೀನು ನೆಲದ ಮೇಲೆ ಕೂತು ಅವರ ಮಡಿಲಿಗೆ ಗೂಡು ಸುರಿದೆ. ಅವರು ಒಂದನ್ನು ಎತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು, ಒಳಗಿನ ಹುಳ ಸದ್ದು ಮಾಡುತ್ತದೋ ಎಂದು. ಮಾರುಕಟ್ಟೆಯಲ್ಲಿ ಹಾಗೆ ನೋಡುತ್ತಿದ್ದರಂತೆ — ನೀನೇ ಹಿಂದೆ ಹೇಳಿದ್ದೆ, ನಾನು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಿದ್ದೆ. ನಿನ್ನ ಎದುರಿಗೇ ನನ್ನನ್ನು ರತ್ನಾ ಎಂದು ಕರೆದುಬಿಟ್ಟರೆ? ಹಾಗೇನಾದರೂ ಆಗಿದ್ದರೆ ನಿನಗೆ ಆಗಲೇ ಎಲ್ಲ ತಿಳಿದುಹೋಗುತ್ತಿತ್ತು. ಅವತ್ತು ಅವರು ನನ್ನ ಕಡೆ ನೋಡಲೇ ಇಲ್ಲ. ನಿನ್ನ ಕಡೆಯೂ ನೋಡಲಿಲ್ಲ. ಗೂಡಿನ ಸದ್ದು ಕೇಳುತ್ತಾ ಕಣ್ಣು ಮುಚ್ಚಿಕೊಂಡಿದ್ದರು.

ನೀನು ಕನ್ನಡದಲ್ಲಿ ಏನೇನೋ ಹೇಳಿದೆ, ಅವರಿಗೆ ಒಂದೂ ತಾಗಲಿಲ್ಲ. ಕೊನೆಗೆ ನನ್ನ ಸೆರಗು ಹಿಡಿದೆ. "ನಿಂಗೆ ಅವ್ರ ಮಾತು ಬತ್ತದಂತಲ್ಲಮ್ಮಿ. ಒಂದೇ ಒಂದು ಕೇಳು. ನನ್ನ ನೆಪ್ಪೈತಾ ಅಂತ ಕೇಳು. ಬ್ಯಾರೇನೂ ಬ್ಯಾಡ."

ಕೇಳಿದೆ. ಅದನ್ನು ಮಾತ್ರ ಮೋಸವಿಲ್ಲದೆ ಕೇಳಿದೆ. "ಸೆ ಅಕ್ವೆರ್ದಾ ದೆ ರತ್ನಾ?" ಮೂರು ತಿಂಗಳು ಮುಗ್ಗರಿಸಿದ ನಾಲಗೆ ಅವತ್ತು ಒಂಚೂರೂ ತಡವರಿಸಲಿಲ್ಲ. ನಿನ್ನ ಹೆಸರು ಕೇಳಿಸಿದಾಗ ಅವರ ಕೈಯಲ್ಲಿದ್ದ ಗೂಡು ಅಲ್ಲಾಡುವುದು ನಿಂತಿತು. ಕಣ್ಣು ತೆರೆಯದೆ, ದನಿ ಏರಿಸದೆ, ಎರಡು ಮಾತು ಹೇಳಿದರು. ನೀನು ನನ್ನ ಬಾಯನ್ನೇ ನೋಡುತ್ತಿದ್ದೆ.

ನಾನು ಹೇಳಿದೆ: "ನೀನ್ಯಾರು ಅಂತ ನೆಪ್ಪಿಲ್ವಂತೆ."

ಹೊಸ ಸುಳ್ಳೂ ಅಲ್ಲ ಅದು, ನೋಡು. ನನಗೆ ಅವರು ಕೊಟ್ಟ ಉತ್ತರವನ್ನು ತೆಗೆದು ನಿನಗೆ ದಾಟಿಸಿದೆ. ನಿನ್ನನ್ನು ಹೊರಗಟ್ಟಿದ ದಿನ ಅವರೇ ಆಡಿದ್ದ ಮಾತಿನ ಬಟ್ಟೆ ತೊಡಿಸಿ ದಾಟಿಸಿದೆ. ನೀನು ಅಳುತ್ತೀಯೆಂದು ಕಾದೆ — ಹೌದು, ಕಾದೆ. ನೀನು ಅಳಲಿಲ್ಲ. ಸ್ವಲ್ಪ ಹೊತ್ತು ಅವರ ಪಾದದ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಆಮೇಲೆ ಎದ್ದು, ಖಾಲಿ ಚೀಲ ಮಡಚಿಕೊಂಡು, "ಆಡಿದ್ ಮಾತು ಉಳಿಸ್ಕೊಂಡವ್ರೆ ಬುಡಮ್ಮಿ," ಎಂದೆ. ಗೇಟಿನವರೆಗೂ ನಿನ್ನ ಜೊತೆ ಬಂದೆ. ಟ್ರಂಕ್ ಇನ್ನೂ ಇದೆ, ಅವರೇ ಇಡಿಸಿಕೊಂಡಿದ್ದಾರೆ ಎಂದು ಹೇಳಲೂ ಇಲ್ಲ. ನೀನು ನಿನ್ನ ಮಗನ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟು, "ಏನಾರ ಆದ್ರೆ ಒಂದ್ ಫೋನ್ ಮಾಡ್ಬುಡು" ಎಂದೆ. ನಾನು ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನೀನು ಹೋದ ಮೇಲೆ ನನಗೆ ಸಂತೋಷವಾಯಿತು. ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ. ಸಂಜೆ ಕಾಫಿ ಕುಡಿಯುವವರೆಗೂ ಇತ್ತು ಆ ಸಂತೋಷ.

ಗೂಡುಗಳನ್ನು ಎಸೆಯಲು ಹೋದರೆ ಸಿಸ್ಟರ್ ಒಂದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಬಿಡಲಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡರು. ಬಿಸಿಗೆ ಹಾಕದ ಹಸಿ ಗೂಡು. ಎಷ್ಟು ದಿನ ಸುಮ್ಮನಿದ್ದೀತು? ಎಂಟೋ ಹತ್ತೋ ದಿನಕ್ಕೆ ಒಂದು ಬೆಳಗ್ಗೆ ಗೂಡು ತೂತಾಗಿ, ಬಿಳಿ ಚಿಟ್ಟೆಯೊಂದು ಅವರ ದಿಂಬಿನ ಮೇಲೆ ರೆಕ್ಕೆ ಬಡಿಯುತ್ತಾ ಕೂತಿತ್ತು. ಹಾರಲಾರದ ಚಿಟ್ಟೆ. ಅವರು ಮಗುವಿನ ಹಾಗೆ ನಕ್ಕು ನನ್ನನ್ನು ಕರೆದರು: "ಮಿರಾ, ರತ್ನಾ." ನೋಡು, ರತ್ನಾ. ಅಷ್ಟು ದಿನ, ಪ್ರತಿ ಸಲವೂ, ನಾನು ಭಾಗ್ಯ, ಭಾಗ್ಯ ಎಂದು ತಿದ್ದುತ್ತಿದ್ದೆ. ಅವತ್ತು ತಿದ್ದಲಿಲ್ಲ. "ಸಿ," ಎಂದೆ. ನಿನ್ನ ಹೆಸರಿಗೆ ಓಗೊಟ್ಟು, ನಿನ್ನ ಪಾಲಿನ ಆ ನಗುವನ್ನೂ ತಿಂದೆ.

ಅದಾಗಿ ಎರಡು ವಾರಕ್ಕೆ ಅವರು ಹೋದರು. ಚೀಟಿ ನನ್ನ ಹತ್ತಿರವೇ ಇತ್ತು. ಅಡುಗೆಮನೆಯ ಗೂಟಕ್ಕೆ ಚುಚ್ಚಿಟ್ಟಿದ್ದೆ, ದಿನಾ ಕಾಣುತ್ತಿತ್ತು. ಹೆಣ ಅಂಗಳದಲ್ಲಿ ಒಂದು ದಿನ ಪೂರ್ತಿ ಇತ್ತು, ಬೇರೆ ತಾಲೂಕುಗಳಿಂದಲೂ ಹೆಂಗಸರು ಬಂದು ಅತ್ತು ಹೋದರು. ನಿನಗೆ ಮೂರು ಬಸ್ಸು ಹಿಡಿದು ಬರಲು ಸಮಯವಿತ್ತು. ನಾನು ಫೋನ್ ಮಾಡಲಿಲ್ಲ. ಮಾಡಿದ್ದರೆ ನೀನು ಬರುತ್ತಿದ್ದೆ, ಬಂದಿದ್ದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು. ಮಣ್ಣು ಹಾಕುವಾಗ ಎಲ್ಲರೂ ನನ್ನನ್ನೇ ಮುಂದೆ ನಿಲ್ಲಿಸಿದರು. "ಮಗಳಿಗಿಂತ ಎಚ್ಚಾಗಿ ನೋಡ್ಕಂಡ್ಳು," ಎಂದರು. ತಲೆ ಬಗ್ಗಿಸಿ ಕೇಳಿಸಿಕೊಂಡೆ.

ಈಗ ಅಲ್ಲಿ ಕೆಲಸ ಬಿಟ್ಟಿದ್ದೇನೆ. ಸ್ಪ್ಯಾನಿಷ್ ಎಲ್ಲ ಮರೆಯುತ್ತಾ ಬಂತು. ನೀರಿಗೆ ಏನೆನ್ನುತ್ತಾರೆ ಎಂದು ಮೊನ್ನೆ ಮಗಳು ಕೇಳಿದರೆ ತಕ್ಷಣ ಹೊಳೆಯಲಿಲ್ಲ. ಆ ಒಂದು ಮಾತು ಮಾತ್ರ ಹೋಗುತ್ತಿಲ್ಲ. ಹಿಟ್ಟು ತೊಳಸುವಾಗ ತಾನಾಗಿ ಬಾಯಿಗೆ ಬರುತ್ತದೆ, ಒಂದು ಅಕ್ಷರವೂ ಕೆಡದೆ ಬರುತ್ತದೆ. ಅವರಿಗೆ ನೆನಪು ಮಾಡಿಸಲೆಂದು ಕಲಿತದ್ದು. ಈಗ ಬೇಡವೆಂದರೂ ನಾನೇ ನೆನೆಯುತ್ತಾ ಕೂತಿದ್ದೇನೆ.

ಈ ಭಾನುವಾರ ಬೆಳಗಿನ ಬಸ್ಸಿಗೆ ಮಾಗಡಿಗೆ ಬರುತ್ತೇನೆ. ನಿನ್ನ ಟ್ರಂಕ್ ತರುತ್ತೇನೆ. ಧೂಳು ಒರೆಸಿದ್ದೇನೆ, ಬೀಗ ತೆಗೆದು ನೋಡಿಲ್ಲ. ಬಾಗಿಲು ತೆಗೆಯುವುದು, ಮುಖಕ್ಕೆ ಹಾಕುವುದು ನಿನಗೆ ಬಿಟ್ಟದ್ದು. ಹಾಕಿದರೆ ಜಗಲಿಯ ಮೇಲೆ ಟ್ರಂಕ್ ಇಟ್ಟು ಹಿಂದಿರುಗುತ್ತೇನೆ, ಕೂಗುವುದಿಲ್ಲ, ಕಾಯುವುದಿಲ್ಲ. ಆದರೆ ಬರುವ ಮೊದಲೇ ಆ ಎರಡು ಮಾತು ನಿನ್ನ ಕೈಸೇರಿರಬೇಕು. ಮತ್ತೆ ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಗೂಡಿನ ಸದ್ದು ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು, ಸಿಸ್ಟರ್ ಪಿಲಾರ್ ಅವತ್ತು ನಿನಗೆ ಹೇಳಿದ್ದು ಇದು:

"ಮೆ ಅಕ್ವೆರ್ದೊ. ಎಲ್ ಊಮೊ ಎರಾ ಪೊರ್ ಮಿ."

ನೆನಪಿದೆ. ಆ ಹೊಗೆ ನನಗೋಸ್ಕರ ಹಾಕಿದ್ದು.